ಹಿಟ್ಟಿಗೆ ಬೇಕಾದ ಹೊತ್ತು, ಹಿಟ್ಟಿಗೆ ಬೇಕಾದ ತಂಪು

(ತುಮಕೂರಿನಲ್ಲಿ, ಮನೆಯಲ್ಲೇ ಬ್ರೆಡ್, ಬನ್, ಬಿಸ್ಕತ್ ಮಾಡುವವರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೇಕಿಂಗ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಒಬ್ಬಟ್ಟಿನಿಂದ ಶುರು ಮಾಡುತ್ತೇನೆ.

ಯುಗಾದಿಯ ದಿನ ಒಬ್ಬಟ್ಟು ಮಾಡುವ ಮನೆಯಲ್ಲಿ ಮೊದಲು ಆಗುವ ಕೆಲಸ ಯಾವುದು? ಬೇಳೆ ಒಲೆಗೆ ಏರುವ ಮೊದಲೇ ಕಣಕ ಕಲಸಿ ಇಡುತ್ತಾರೆ. ಚಿರೋಟಿ ರವೆ, ಮೈದಾ, ಚಿಟಿಕೆ ಅರಿಶಿನ, ನೀರು. ಕೈಗೆ ಅಂಟುವಷ್ಟು ಸಡಿಲವಾಗಿ ಕಲಸಿ, ಚೆನ್ನಾಗಿ ನಾದಿ, ಮೇಲೆ ಎಣ್ಣೆ ಸುರಿದು ಮುಚ್ಚಿಡುತ್ತಾರೆ. ಕನಿಷ್ಠ ಎರಡು ಗಂಟೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅವಸರಕ್ಕೆ ಬಿದ್ದು ಬೇಗ ತಟ್ಟಲು ಹೋದರೆ ಏನಾಗುತ್ತದೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಕಣಕ ಹಿಗ್ಗುವುದಿಲ್ಲ. ಬಲವಂತ ಮಾಡಿದರೆ ಹರಿದು ಹೂರಣ ಆಚೆ ಬರುತ್ತದೆ. ಅದೇ ಕಣಕ ಚೆನ್ನಾಗಿ ನೆನೆದಿದ್ದರೆ ಬಾಳೆ ಎಲೆಯ ಮೇಲೆ ಬೆರಳು ಒತ್ತಿದ ಕಡೆಗೆಲ್ಲ ಹೋಗುತ್ತದೆ.

ಇವತ್ತು ನಾನು ಹೇಳುವುದೆಲ್ಲ ಆ ಎರಡು ಗಂಟೆಯ ಬಗ್ಗೆ. ಹಿಟ್ಟು ಸುಮ್ಮನೆ ಕೂತಿರುವಾಗ ಒಳಗೆ ಏನು ನಡೆಯುತ್ತದೆ? ನಮ್ಮ ಊರಿನ ಸೆಕೆಗೆ ಆ ಲೆಕ್ಕ ಹೇಗೆ ಬದಲಾಗುತ್ತದೆ? ಫ್ರಿಜ್ ಅನ್ನು ಯಾವಾಗ, ಹೇಗೆ ಬಳಸಬೇಕು?

ಒಬ್ಬಟ್ಟಿನ ವಿಷಯದಲ್ಲಿ ಇಷ್ಟು ತಾಳ್ಮೆ ತೋರಿಸುವ ನಾವು ಬ್ರೆಡ್ ಮಾಡುವಾಗ ಯಾಕೋ ಅವಸರ ಪಡುತ್ತೇವೆ. ವಿಡಿಯೋದಲ್ಲಿ ‘ಒಂದು ಗಂಟೆ ಇಡಿ, ಹಿಟ್ಟು ಎರಡು ಪಟ್ಟಾಗುತ್ತದೆ’ ಅಂತಾರೆ. ಅಷ್ಟು ಹೊತ್ತೂ ಯಾಕೆ ಅಂತ ಒಂದು ಚಮಚ ಯೀಸ್ಟ್ ಜಾಸ್ತಿ ಹಾಕುತ್ತೇವೆ, ಬಿಸಿನೀರಲ್ಲಿ ಕಲಸುತ್ತೇವೆ, ಬಿಸಿಲಿಗೆ ಇಡುತ್ತೇವೆ. ಹಿಟ್ಟು ಉಬ್ಬುತ್ತದೆ, ನಿಜ. ಆದರೆ ಬೆಂದ ಬ್ರೆಡ್‌ನಲ್ಲಿ ಯೀಸ್ಟ್ ವಾಸನೆ. ಮಾರನೇ ದಿನಕ್ಕೆ ಒಣಗಿ ಪುಡಿಪುಡಿ. ಆಮೇಲೆ ಓಟಿಜಿ, ಅಂದರೆ ಮನೆಯ ಸಣ್ಣ ಓವನ್, ಸರಿಯಿಲ್ಲ ಅಂತೇವೆ. ಓವನ್ ಕೆಲಸ ಕೊನೆಯ ಅರ್ಧ ಗಂಟೆಯದ್ದು. ಬ್ರೆಡ್ ಹೇಗೆ ಬರುತ್ತದೆ ಅನ್ನುವುದು ಅದಕ್ಕೂ ಬಹಳ ಮೊದಲೇ ತೀರ್ಮಾನ ಆಗಿರುತ್ತದೆ.

ಗೋಧಿಯಲ್ಲಿ ಎರಡು ಮುಖ್ಯ ಪ್ರೋಟೀನ್‌ಗಳಿವೆ, ಗ್ಲಯಾಡಿನ್ ಮತ್ತು ಗ್ಲುಟೆನಿನ್. ಒಣ ಹಿಟ್ಟಿನಲ್ಲಿ ಅವು ಸುಮ್ಮನೆ ಇರುತ್ತವೆ. ನೀರು ತಾಗಿದ ಕೂಡಲೇ ಒಂದಕ್ಕೊಂದು ಹೆಣೆದುಕೊಳ್ಳಲು ಶುರು ಮಾಡುತ್ತವೆ. ಆ ಹೆಣಿಗೆಗೇ ಗ್ಲುಟೆನ್ ಅನ್ನುವುದು. ಗ್ಲಯಾಡಿನ್‌ನಿಂದ ಹಿಟ್ಟಿಗೆ ಹಿಗ್ಗುವ ಗುಣ ಬರುತ್ತದೆ. ಗ್ಲುಟೆನಿನ್‌ನಿಂದ ಎಳೆದರೆ ವಾಪಸ್ ಬರುವ ಬಿಗಿ ಬರುತ್ತದೆ. ಬ್ರೆಡ್‌ಗೆ ಎರಡೂ ಬೇಕು. ಹಿಗ್ಗದಿದ್ದರೆ ಗಾಳಿಗುಳ್ಳೆ ಬೆಳೆಯುವುದಿಲ್ಲ, ಬಿಗಿ ಇಲ್ಲದಿದ್ದರೆ ಬೆಳೆದ ಗುಳ್ಳೆ ನಿಲ್ಲುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಒಂದು ಹಿಡಿ ಮೈದಾ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಟ್ಟು, ನೀರು ತುಂಬಿದ ಬೋಗುಣಿಯಲ್ಲಿ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಅದು ಪಿಷ್ಟ. ನೀರು ಬದಲಾಯಿಸುತ್ತಾ ತೊಳೆದರೆ ಕೊನೆಗೆ ಕೈಯಲ್ಲಿ ಎಳೆದರೆ ಹಿಗ್ಗುವ ಬೂದು ಬಣ್ಣದ ಒಂದು ಸಣ್ಣ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೊನ್ಯಾದ ಬೆಕ್ಕಾರಿ ಅನ್ನುವ ವಿದ್ವಾಂಸರು ಹೀಗೇ ತೊಳೆದು ಗೋಧಿಯ ಈ ಅಂಶವನ್ನು ಬೇರೆ ಮಾಡಿ ತೋರಿಸಿದರು. ಅವರ ಬರಹ 1745ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಲಿ ಮಾಡಿಸಿ, ಪಾಠ ಬೇಗ ತಲೆಗೆ ಹೋಗುತ್ತದೆ.

ನಾದುವುದರಿಂದ ಮಾತ್ರ ಗ್ಲುಟೆನ್ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ನೀರು ಮತ್ತು ಹೊತ್ತು ಸಿಕ್ಕರೆ ಅದು ತಾನಾಗಿಯೇ ಬೆಳೆಯುತ್ತದೆ. ನಾದುವುದರಿಂದ ಆ ಕೆಲಸ ಬೇಗ ಆಗುತ್ತದೆ, ಎಳೆಗಳು ಒಂದು ಸಾಲಿಗೆ ಬರುತ್ತವೆ. ಫ್ರಾನ್ಸಿನ ರೇಮಂಡ್ ಕ್ಯಾಲ್ವೆಲ್ ಅನ್ನುವ ಬೇಕಿಂಗ್ ಗುರುಗಳು 1974ರಲ್ಲಿ ಒಂದು ಕ್ರಮವನ್ನು ಜನಕ್ಕೆ ತಿಳಿಸಿಕೊಟ್ಟರು. ಅದಕ್ಕೆ ಆಟೊಲಿಸ್ ಅಂತ ಹೆಸರು. ಮೊದಲು ಹಿಟ್ಟು ಮತ್ತು ನೀರು ಮಾತ್ರ ಕಲಸಿ 20ರಿಂದ 60 ನಿಮಿಷ ಬಿಡುವುದು. ಉಪ್ಪು, ಯೀಸ್ಟ್ ಆಮೇಲೆ. ಅಷ್ಟರಲ್ಲಿ ಹಿಟ್ಟಿನ ಕಣಕಣಕ್ಕೂ ನೀರು ಇಳಿದಿರುತ್ತದೆ. ಹಿಟ್ಟಿನಲ್ಲೇ ಇರುವ ಕೆಲವು ಕಿಣ್ವಗಳು ಪ್ರೋಟೀನನ್ನು ಸ್ವಲ್ಪ ಸಡಿಲ ಮಾಡಿರುತ್ತವೆ. ಆಮೇಲೆ ನಾದುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಉಪ್ಪನ್ನು ಯಾಕೆ ತಡ ಮಾಡುವುದು ಅಂದರೆ, ಉಪ್ಪು ಗ್ಲುಟೆನನ್ನು ಬಿಗಿ ಮಾಡುತ್ತದೆ, ನೀರು ಇಳಿಯುವುದನ್ನೂ ನಿಧಾನ ಮಾಡುತ್ತದೆ.

ಚಪಾತಿ ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡುವ ನಮ್ಮ ಅಮ್ಮಂದಿರಿಗೆ ಇದು ಹೊಸದೇನಲ್ಲ.

ಗೋಧಿ ಹಿಟ್ಟಿನಲ್ಲಿ ಬ್ರೆಡ್ ಮಾಡುವವರಿಗೆ ಈ ನೆನೆಯುವ ಹೊತ್ತು ಇನ್ನೂ ಮುಖ್ಯ. ಗಿರಣಿಯ ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ತೌಡು ಇರುತ್ತದೆ. ಒಣ ತೌಡಿನ ಚೂರುಗಳು ಚೂಪಾಗಿರುತ್ತವೆ, ಗ್ಲುಟೆನ್ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುತ್ತವೆ. ನೆನೆದರೆ ಮೆತ್ತಗಾಗುತ್ತವೆ. ಜೊತೆಗೆ, ಕಲ್ಲಿನಲ್ಲಿ ಬೀಸುವಾಗ ಪಿಷ್ಟದ ಕಣಗಳು ಒಡೆಯುವುದರಿಂದ ಈ ಹಿಟ್ಟು ಜಾಸ್ತಿ ನೀರು ಕುಡಿಯುತ್ತದೆ. ಮೈದಾಕ್ಕೆ ನೂರಕ್ಕೆ 60 ಭಾಗ ನೀರು ಸಾಕಾದರೆ ಗೋಧಿ ಹಿಟ್ಟಿಗೆ 70 ಅಥವಾ ಇನ್ನೂ ಜಾಸ್ತಿ ಬೇಕು. ಆದರೆ ಕುಡಿಯುವುದು ನಿಧಾನ. ಕಲಸಿದ ಕೂಡಲೇ ‘ಅಯ್ಯೋ, ತೆಳ್ಳಗಾಯ್ತು’ ಅಂತ ಮತ್ತೆ ಹಿಟ್ಟು ಸುರಿಯಬೇಡಿ. ಅರ್ಧ ಗಂಟೆ ಕಾದು ನೋಡಿ.

ನಾದಿದ್ದು ಸಾಕಾ ಅಂತ ತಿಳಿಯಲು ಒಂದು ನಿಂಬೆಹಣ್ಣಿನ ಗಾತ್ರದ ಹಿಟ್ಟು ಹರಿದು, ಎರಡೂ ಕೈಯಲ್ಲಿ ನಿಧಾನವಾಗಿ ಅಗಲ ಮಾಡಿ. ಹಿಂದಿನ ಬೆಳಕು ಕಾಣುವಷ್ಟು ತೆಳುವಾದರೂ ಹರಿಯದಿದ್ದರೆ ಆಯಿತು. ಹರಿದರೆ ಕೂಡಲೇ ಇನ್ನಷ್ಟು ಗುದ್ದಬೇಡಿ. ಹತ್ತು ನಿಮಿಷ ಮುಚ್ಚಿಟ್ಟು ಮತ್ತೆ ಎಳೆದು ನೋಡಿ. ಬಹಳ ಸಲ ಆ ಹತ್ತು ನಿಮಿಷವೇ ಸಾಕಾಗುತ್ತದೆ.

ಈಗ ಸೆಕೆಯ ವಿಷಯಕ್ಕೆ ಬರೋಣ. ನನ್ನ ಪ್ರಕಾರ ನಮ್ಮ ಕಡೆಯ ಬೇಕಿಂಗ್‌ನಲ್ಲಿ ಇದೇ ದೊಡ್ಡ ವಿಷಯ, ಆದರೆ ಇದರ ಬಗ್ಗೆ ಯಾರೂ ಸರಿಯಾಗಿ ಮಾತಾಡುವುದಿಲ್ಲ.

ನಾವು ನೋಡುವ ಪಾಕವಿಧಾನಗಳಲ್ಲಿ ಬಹುಪಾಲು ತಂಪು ದೇಶಗಳಿಂದ ಬಂದವು. ಅಲ್ಲಿ ‘ಅಡುಗೆಮನೆಯ ಶಾಖದಲ್ಲಿ ಇಡಿ’ ಅಂದರೆ 20, 22 ಡಿಗ್ರಿ ಅಂತ ಅರ್ಥ. ಏಪ್ರಿಲ್‌ನಲ್ಲಿ ತುಮಕೂರಿನ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಪಾವಗಡ, ಸಿರಾ ಕಡೆಯವರು ‘ನಮ್ಮಲ್ಲಿ ಇನ್ನೂ ಜಾಸ್ತಿ’ ಅಂತ ತಲೆ ಆಡಿಸುತ್ತಿದ್ದೀರಿ. ಒಲೆ ಉರಿಯುವ ಅಡುಗೆಮನೆಯಲ್ಲಿ 33 ಡಿಗ್ರಿ ಅನ್ನುವುದು ಮಾಮೂಲು. ಯೀಸ್ಟ್ ಒಂದು ಜೀವಿ. ಶಾಖ 8ರಿಂದ 10 ಡಿಗ್ರಿ ಏರಿದರೆ ಅದರ ಕೆಲಸದ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅಲ್ಲಿಯ ಒಂದೂವರೆ ಗಂಟೆ ಇಲ್ಲಿ 40, 45 ನಿಮಿಷ. ಗಡಿಯಾರ ನಂಬಿಕೊಂಡು ಕೂತರೆ ಹಿಟ್ಟು ಉಬ್ಬಿ, ಮಾಗಿ, ಕುಸಿದು ಹೋಗಿರುತ್ತದೆ. ಡಿಸೆಂಬರ್‌ನಲ್ಲಿ ಇದೇ ಊರಲ್ಲಿ ಬೆಳಗ್ಗೆ ದೋಸೆ ಹಿಟ್ಟು ಹುದುಗು ಬಂದಿಲ್ಲ ಅಂತ ಪರದಾಡುತ್ತೇವೆ. ಆಗ ಅದೇ ಬ್ರೆಡ್ ಹಿಟ್ಟು ಎರಡು ಗಂಟೆ ಆದರೂ ಏಳುವುದಿಲ್ಲ.

ಹಾಗಾಗಿ ಹೊತ್ತು ಅಳೆಯುವ ಮೊದಲು ಹಿಟ್ಟಿನ ಶಾಖ ಅಳೆಯಿರಿ. ಕಲಸಿ ಮುಗಿದಾಗ ಹಿಟ್ಟು 25ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಸ ಕೇಕ್ ಟಿನ್ ಕೊಳ್ಳುವ ಮೊದಲು ಅದನ್ನು ಕೊಳ್ಳಿ. ಹಿಟ್ಟಿನ ಶಾಖವನ್ನು ನಾವು ಹಿಡಿತಕ್ಕೆ ತರುವುದು ನೀರಿನಿಂದ. ಬೇಕರಿಯವರ ಲೆಕ್ಕ ಹೀಗಿದೆ. ಬೇಕಾದ ಶಾಖವನ್ನು ಮೂರರಿಂದ ಗುಣಿಸಿ. ಅದರಿಂದ ಅಡುಗೆಮನೆಯ ಶಾಖ, ಒಣ ಹಿಟ್ಟಿನ ಶಾಖ, ನಾದುವುದರಿಂದ ಏರುವ ಶಾಖ ಮೂರನ್ನೂ ಕಳೆಯಿರಿ. ಉಳಿದದ್ದು ನೀರಿನ ಶಾಖ. 26 ಡಿಗ್ರಿ ಬೇಕು ಅಂದರೆ ಮೂರರಿಂದ ಗುಣಿಸಿ 78. ಏಪ್ರಿಲ್‌ನಲ್ಲಿ ಅಡುಗೆಮನೆ 33, ಡಬ್ಬಿಯ ಹಿಟ್ಟು 32, ಕೈಯಲ್ಲಿ ನಾದುವುದಕ್ಕೆ 2 ಅಂತ ಇಟ್ಟುಕೊಳ್ಳಿ. ನೀರು 11 ಡಿಗ್ರಿ ಇರಬೇಕು. ಅಂದರೆ ಫ್ರಿಜ್ ನೀರು! ಡಿಸೆಂಬರ್ ಬೆಳಗ್ಗೆ ಅಡುಗೆಮನೆಯೂ ಹಿಟ್ಟೂ 20 ಇದ್ದರೆ ನೀರು 36 ಬರುತ್ತದೆ, ಉಗುರು ಬೆಚ್ಚಗೆ. ಮಿಕ್ಸರ್ ಯಂತ್ರದಲ್ಲಿ ನಾದುವವರು ಆ 2ರ ಬದಲು ಇನ್ನೂ ಜಾಸ್ತಿ ಹಿಡಿಯಬೇಕು, ಯಂತ್ರದ ತಿಕ್ಕಾಟಕ್ಕೆ ಹಿಟ್ಟು ಬೇಗ ಬಿಸಿಯಾಗುತ್ತದೆ.

‘ಯೀಸ್ಟ್‌ಗೆ ಬಿಸಿನೀರು ಬೇಕಲ್ವಾ?’ ಅಂತ ಕೇಳುತ್ತೀರಿ. ಡ್ರೈ ಆ್ಯಕ್ಟಿವ್ ಯೀಸ್ಟ್ ಆದರೆ ಒಂದೆರಡು ಚಮಚ ಬೆಚ್ಚನೆ ನೀರಲ್ಲಿ ನೆನೆಸಿ ಎಬ್ಬಿಸಬೇಕು, ಅಷ್ಟೇ. ಇನ್‌ಸ್ಟಂಟ್ ಯೀಸ್ಟ್ ಆದರೆ ಒಣ ಹಿಟ್ಟಿಗೇ ಬೆರೆಸಬಹುದು. ಮಂಜುಗಡ್ಡೆಯಂಥ ನೀರು ಮಾತ್ರ ನೇರವಾಗಿ ಯೀಸ್ಟ್ ಮೇಲೆ ಬೀಳದಿರಲಿ. ತೀರ ಬಿಸಿ ನೀರೂ ಬೇಡ. 55, 60 ಡಿಗ್ರಿ ಆದರೆ ಯೀಸ್ಟ್ ಸಾಯುತ್ತದೆ.

ಇನ್ನು ನೀರಿನ ಗುಣ. ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಗ್ಲುಟೆನನ್ನು ಬಿಗಿ ಮಾಡುತ್ತವೆ. ತೀರ ಗಡಸಾದರೆ ಹಿಟ್ಟು ಏಳುವುದೂ ನಿಧಾನ. ಕ್ಯಾನ್ ನೀರು ಇದಕ್ಕೆ ತಿರುಗಾಮುರುಗ. ಅದರಲ್ಲಿ ಖನಿಜ ತೀರ ಕಡಿಮೆ, ಹಿಟ್ಟು ಸ್ವಲ್ಪ ಅಂಟಂಟು. ಕ್ಯಾನ್ ನೀರು ಬಳಸುವವರು ನೀರನ್ನು ಒಂದೆರಡು ಚಮಚ ಕಡಿಮೆ ಮಾಡಿ ನೋಡಿ. ಕುಡಿಯಲು ಯಾವ ನೀರು ಬಳಸುತ್ತೀರೋ ಹಿಟ್ಟಿಗೂ ಅದೇ ಇರಲಿ. ನಮ್ಮ ಜಿಲ್ಲೆಯ ಪಾವಗಡದಲ್ಲಿ ಫ್ಲೋರೈಡ್ ತೊಂದರೆ ಇದೆ, ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದೆ. ಅಲ್ಲಿಯವರು ಬ್ರೆಡ್ ಚೆನ್ನಾಗಿ ಬರುತ್ತದೆ ಅಂತ ಬೋರ್ ನೀರಿಗೆ ಮರಳಬೇಡಿ.

ಹಿಟ್ಟು ಸಾಕಷ್ಟು ಎದ್ದಿದೆಯಾ ಅಂತ ಬೆರಳಿನಿಂದ ತಿಳಿಯಬಹುದು. ಒಣ ಹಿಟ್ಟು ಸವರಿದ ಬೆರಳನ್ನು ಅರ್ಧ ಇಂಚು ಒತ್ತಿ ತೆಗೆಯಿರಿ. ಗುಳಿ ಕೂಡಲೇ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ತುಂಬಿಕೊಂಡರೆ ಸರಿಯಾಗಿದೆ. ಗುಳಿ ಹಾಗೇ ಉಳಿದು ಸುತ್ತಲೂ ಕುಸಿದರೆ ಜಾಸ್ತಿ ಆಯಿತು. ನೆಟ್ಟಗಿರುವ ಪಾರದರ್ಶಕ ಡಬ್ಬಿಯಲ್ಲಿ ಇಟ್ಟು ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕುವುದು ಇನ್ನೂ ಸುಲಭ, ಎಷ್ಟು ಏರಿತು ಅಂತ ಕಾಣುತ್ತದೆ.

ಫ್ರಿಜ್ ಕಡೆಗೆ ಬರುತ್ತೇನೆ. ನಮ್ಮಂಥ ಸೆಕೆಯ ಊರಿನವರಿಗೆ ಇದು ತುಂಬಾ ಉಪಯೋಗದ ಹಾದಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

4 ಡಿಗ್ರಿಯಲ್ಲಿ ಯೀಸ್ಟ್ ಬಹುಮಟ್ಟಿಗೆ ಮಲಗುತ್ತದೆ. ಗಾಳಿ ಹುಟ್ಟುವುದು ತೀರ ನಿಧಾನವಾಗುತ್ತದೆ. ಆದರೆ ಹಿಟ್ಟಿನ ಕಿಣ್ವಗಳು ಪೂರ್ತಿ ನಿಲ್ಲುವುದಿಲ್ಲ. ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ನಿಧಾನವಾಗಿ ಸಕ್ಕರೆಯಾಗಿ ಒಡೆಯುತ್ತಲೇ ಇರುತ್ತದೆ. ಯೀಸ್ಟ್ ಮಲಗಿರುವುದರಿಂದ ಆ ಸಕ್ಕರೆಯಲ್ಲಿ ಒಂದಷ್ಟು ಹಾಗೇ ಉಳಿಯುತ್ತದೆ. ಓವನ್‌ಗೆ ಹೋದಾಗ ಬ್ರೆಡ್ ಮೇಲ್ಮೈ ಚೆನ್ನಾಗಿ ಕೆಂಪಗಾಗುವುದು ಇದರಿಂದ. ರಾತ್ರಿಯೆಲ್ಲ ಸಣ್ಣಗೆ ಹುಟ್ಟುವ ಆಮ್ಲಗಳಿಂದ ರುಚಿ, ಪರಿಮಳ ಬರುತ್ತದೆ. ಇದನ್ನು ಯೀಸ್ಟ್ ಜಾಸ್ತಿ ಹಾಕಿ ಪಡೆಯಲು ಆಗುವುದಿಲ್ಲ. ತಣ್ಣಗಿನ ಹಿಟ್ಟು ಕೈಗೆ ಅಂಟುವುದೂ ಕಡಿಮೆ, ಬೇಕಾದ ಆಕಾರಕ್ಕೆ ಸುಲಭವಾಗಿ ಬರುತ್ತದೆ.

ಅಳತೆ ಹೇಳುತ್ತೇನೆ, ಬರೆದುಕೊಳ್ಳಿ. ಮೈದಾ 500 ಗ್ರಾಂ, ತಣ್ಣೀರು 300 ಮಿಲಿ, ಉಪ್ಪು 10 ಗ್ರಾಂ, ಸಕ್ಕರೆ 15 ಗ್ರಾಂ, ಎಣ್ಣೆ ಅಥವಾ ಬೆಣ್ಣೆ 20 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 2 ಗ್ರಾಂ ಮಾತ್ರ. ಅದು ಮುಕ್ಕಾಲು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಅದೇ ದಿನ ಬೇಯಿಸುವುದಾದರೆ ಇದರ ಎರಡರಷ್ಟಕ್ಕಿಂತ ತುಸು ಜಾಸ್ತಿ ಹಾಕುತ್ತೇವೆ. ರಾತ್ರಿಯಿಡೀ ಇಡುವಾಗ ಅಷ್ಟು ಬೇಡ. 200 ಗ್ರಾಂ ಮೈದಾ ಬದಲು ಗೋಧಿ ಹಿಟ್ಟು ಹಾಕಿದರೆ ನೀರು 330 ಮಿಲಿ ಮಾಡಿ. ತೂಕದ ತಕ್ಕಡಿ ಬಳಸಿ, ಬಟ್ಟಲಿನ ಅಳತೆ ನಂಬಬೇಡಿ. ಒತ್ತಿ ತುಂಬಿದ ಬಟ್ಟಲಿಗೂ ಸಡಿಲವಾಗಿ ತುಂಬಿದ ಬಟ್ಟಲಿಗೂ ತುಂಬಾ ವ್ಯತ್ಯಾಸ ಇರುತ್ತದೆ.

ಸಂಜೆ ಏಳಕ್ಕೆ ಹಿಟ್ಟು, ನೀರು ಕಲಸಿ ಅರ್ಧ ಗಂಟೆ ಮುಚ್ಚಿಡಿ. ಯೀಸ್ಟ್, ಸಕ್ಕರೆ, ಉಪ್ಪು ಸೇರಿಸಿ ಆರೇಳು ನಿಮಿಷ ನಾದಿ, ಕೊನೆಗೆ ಎಣ್ಣೆ ಸೇರಿಸಿ ಇನ್ನೆರಡು ನಿಮಿಷ. ಬೇಸಿಗೆಯಲ್ಲಿ ಹೊರಗೆ 20, 30 ನಿಮಿಷ ಸಾಕು, ಚಳಿಗಾಲದಲ್ಲಿ ಒಂದು ಗಂಟೆ. ಆಮೇಲೆ ಫ್ರಿಜ್‌ಗೆ. ಇಲ್ಲಿ ಒಂದು ಎಚ್ಚರ ಬೇಕು. ದೊಡ್ಡ ಉಂಡೆಯಾಗಿ ಇಟ್ಟರೆ ಒಳಭಾಗ ತಣ್ಣಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ಯೀಸ್ಟ್ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಬೆಳಗ್ಗೆ ನೋಡಿದರೆ ಮುಚ್ಚಳ ಎದ್ದು ಹಿಟ್ಟು ಹೊರಗೆ ಬಂದಿರುತ್ತದೆ. ಅದಕ್ಕೆ ಅಗಲವಾದ ಡಬ್ಬಿಗೆ ಎಣ್ಣೆ ಸವರಿ, ಹಿಟ್ಟನ್ನು ಎರಡು ಬೆರಳು ದಪ್ಪಕ್ಕೆ ತಟ್ಟಿ ಇಡಿ. ಉಬ್ಬಲು ಜಾಗ ಬಿಡಿ. ಬಾಗಿಲಿನ ಅರೆಯಲ್ಲಿ ಬೇಡ, ಅಲ್ಲಿ ತಂಪು ನಿಲ್ಲುವುದಿಲ್ಲ. ಕೆಳಗಿನ ಅರೆಯ ಹಿಂಭಾಗ ಒಳ್ಳೆಯದು. ಒದ್ದೆ ಬಟ್ಟೆ ಸಾಲದು, ಫ್ರಿಜ್‌ನ ಒಣ ಗಾಳಿಗೆ ಬಟ್ಟೆಯೂ ಒಣಗಿ ಹಿಟ್ಟಿನ ಮೇಲೆ ಗಟ್ಟಿ ಚಕ್ಕೆ ಕಟ್ಟುತ್ತದೆ. ಮುಚ್ಚಳವೇ ಬೇಕು.

12ರಿಂದ 18 ಗಂಟೆ ಬಿಟ್ಟು ತೆಗೆಯಿರಿ. ತಣ್ಣಗಿರುವಾಗಲೇ ಭಾಗ ಮಾಡಿ, ಸಡಿಲವಾಗಿ ಉಂಡೆ ಕಟ್ಟಿ, 15 ನಿಮಿಷ ಬಿಡಿ. ಈ 15 ನಿಮಿಷವನ್ನು ಬಿಟ್ಟುಬಿಡಬೇಡಿ. ಉಂಡೆ ಕಟ್ಟಿದಾಗ ಗ್ಲುಟೆನ್ ಮತ್ತೆ ಬಿಗಿಯಾಗಿರುತ್ತದೆ, ಕಣಕದ್ದೇ ಕತೆ. ಆಮೇಲೆ ಆಕಾರ ಕೊಟ್ಟು ಟಿನ್‌ಗೆ ಹಾಕಿ. ತಣ್ಣಗಿನ ಹಿಟ್ಟಾದ್ದರಿಂದ ಎರಡನೇ ಸಲ ಏಳಲು ಒಂದೂವರೆ, ಎರಡು ಗಂಟೆ ಬೇಕು. ಬೇಸಿಗೆಯಲ್ಲಿ ಇನ್ನೂ ಬೇಗ ಆಗುತ್ತದೆ, ಬೆರಳಿನಿಂದ ಒತ್ತಿ ನೋಡುತ್ತಿರಿ. 200 ಡಿಗ್ರಿ ಕಾದ ಓವನ್‌ನಲ್ಲಿ 30ರಿಂದ 35 ನಿಮಿಷ. ಥರ್ಮಾಮೀಟರ್ ಚುಚ್ಚಿದರೆ ಒಳಗೆ 93, 95 ಡಿಗ್ರಿ ತೋರಿಸಬೇಕು. ಪೂರ್ತಿ ಆರಿದ ಮೇಲೆ ಕತ್ತರಿಸಿ.

ಒಂದು ಮಾತು ನೆನಪಿಡಿ. ಹಿಟ್ಟು ಫ್ರಿಜ್‌ನಲ್ಲಿ ಇರಲಿ, ಬೆಂದ ಬ್ರೆಡ್ ಬೇಡ. ಬೆಂದ ಪಿಷ್ಟ ಫ್ರಿಜ್‌ನ ತಂಪಿನಲ್ಲಿ ಬಲು ಬೇಗ ಗಟ್ಟಿಯಾಗುತ್ತದೆ. ಹೊರಗೆ ಮುಚ್ಚಿಟ್ಟ ಬ್ರೆಡ್‌ಗಿಂತ ಫ್ರಿಜ್‌ನಲ್ಲಿ ಇಟ್ಟಿದ್ದು ಮೊದಲು ಬಿರುಸಾಗುತ್ತದೆ. ಎರಡು ದಿನಕ್ಕೆ ಬೇಕಾದಷ್ಟು ಹೊರಗಿಟ್ಟು ಉಳಿದದ್ದನ್ನು ಚೂರು ಮಾಡಿ ಫ್ರೀಜರ್‌ಗೆ ಹಾಕಿ.

ಈಗ ಬಿಸ್ಕತ್. ಇಲ್ಲಿ ತಂಪಿನ ಕೆಲಸವೇ ಬೇರೆ. ಯೀಸ್ಟ್ ಇಲ್ಲ, ಗ್ಲುಟೆನ್ ಜಾಸ್ತಿ ಬೇಡ. ಇಲ್ಲಿ ನೋಡಬೇಕಾದ್ದು ಕೊಬ್ಬನ್ನು. ಬೆಣ್ಣೆ 18, 20 ಡಿಗ್ರಿಯಲ್ಲಿ ಮೆತ್ತಗೆ, ಆದರೆ ಗಟ್ಟಿಯಾಗೇ ಇರುತ್ತದೆ. 32ರಿಂದ 35ರೊಳಗೆ ಕರಗಿ ಹೋಗುತ್ತದೆ. ನಮ್ಮ ಅಡುಗೆಮನೆಯೇ 33 ಡಿಗ್ರಿ ಇದ್ದರೆ ನಾನ್‌ಕಟಾಯಿ ಹಿಟ್ಟು ಓವನ್ ಸೇರುವ ಮೊದಲೇ ಎಣ್ಣೆ ಬಿಡುತ್ತದೆ. ಒಳಗೆ ಹೋದ ಕೂಡಲೇ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೆ ಮತ್ತಷ್ಟು ಮೈದಾ ಸುರಿದರೆ ಬಿಸ್ಕತ್ ಕಲ್ಲಾಗುತ್ತದೆ. ಹಿಟ್ಟನ್ನು ಚಪ್ಪಟೆ ಮಾಡಿ ಮುಚ್ಚಿ 45 ನಿಮಿಷ ಫ್ರಿಜ್‌ನಲ್ಲಿ ಇಡಿ. ಲಟ್ಟಿಸಿ ಕತ್ತರಿಸಿದ ಮೇಲೆ ತಟ್ಟೆ ಸಮೇತ ಇನ್ನೊಮ್ಮೆ 15 ನಿಮಿಷ. ಗಟ್ಟಿಯಾದ ಬೆಣ್ಣೆ ಕರಗುವಷ್ಟರಲ್ಲಿ ಅಂಚು ಬೆಂದು ನಿಂತಿರುತ್ತದೆ. ಬೇಕರಿಯ ಬಿಸ್ಕತ್ ಹೊರಗೇ ಇದ್ದರೂ ಆಕಾರ ಕೆಡುವುದಿಲ್ಲ ಯಾಕೆ ಅಂದರೆ, ಅವರು ಬಳಸುವ ವನಸ್ಪತಿ ಬೆಣ್ಣೆಗಿಂತ ಹೆಚ್ಚಿನ ಶಾಖದವರೆಗೂ ಗಟ್ಟಿಯಾಗಿರುತ್ತದೆ. ಮನೆಯಲ್ಲಿ ಬೆಣ್ಣೆಯ ರುಚಿ ಬೇಕು ಅಂದರೆ ತಂಪು ಕೊಡಲೇಬೇಕು.

ಖಾರಾ ಬಿಸ್ಕತ್ ಮಾಡುವವರಿಗೆ ಒಂದು ಸೂಚನೆ. ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಹೆಚ್ಚಿ ಬೆರೆಸಿ ರಾತ್ರಿಯಿಡೀ ಇಟ್ಟರೆ ಉಪ್ಪಿಗೆ ಅವು ನೀರು ಬಿಡುತ್ತವೆ, ಹಿಟ್ಟು ಸಡಿಲವಾಗುತ್ತದೆ. ಒಂದು ಗಂಟೆ ಸಾಕು.

ತೆಂಗಿನ ನಾಡಿನವರಾದ್ದರಿಂದ ತೆಂಗಿನೆಣ್ಣೆಯಲ್ಲಿ ಬಿಸ್ಕತ್ ಮಾಡುವವರು ಇಲ್ಲಿ ಇದ್ದೀರಿ. ತಿಪಟೂರಿನ ಎಣ್ಣೆ ಕೈಗೆ ಸಿಗುವಾಗ ಅದನ್ನು ಬಳಸುವುದು ಒಳ್ಳೆಯದೇ. ಆದರೆ ಬೆಣ್ಣೆಯ ಲೆಕ್ಕ ಅದಕ್ಕೆ ಹಾಕಬೇಡಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದೂ ಇದಕ್ಕೇ. ಹಾಗಾಗಿ ಬೇಸಿಗೆಯಲ್ಲಿ ಆ ಹಿಟ್ಟು ಫ್ರಿಜ್‌ನಿಂದ ಹೊರಗೆ ಬಂದ ಕೆಲವೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಫ್ರಿಜ್ ಒಳಗೆ ಬೆಣ್ಣೆಗಿಂತ ಗಟ್ಟಿಯಾಗಿ, ಲಟ್ಟಿಸಲು ಹೋದರೆ ಬಿರಿಯುತ್ತದೆ. ಲಟ್ಟಿಸುವ ಬದಲು, ಕಲಸಿದ ಕೂಡಲೇ ಉದ್ದನೆ ಸುರುಳಿ ಮಾಡಿ ಅರ್ಧ ಗಂಟೆ ತಂಪಿಗಿಟ್ಟು ಚಾಕುವಿನಿಂದ ಬಿಲ್ಲೆ ಕತ್ತರಿಸಿ ನೇರವಾಗಿ ಓವನ್‌ಗೆ ಹಾಕಿ.

ರಾಗಿ ಬಗ್ಗೆ ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಬ್ರೆಡ್‌ನಲ್ಲಿ ನೂರಕ್ಕೆ 20, 25 ಭಾಗಕ್ಕಿಂತ ಜಾಸ್ತಿ ರಾಗಿ ಹಾಕಿದರೆ ಅದು ಏಳುವುದಿಲ್ಲ, ಎಷ್ಟು ನಾದಿದರೂ ಅಷ್ಟೇ. ಬಿಸ್ಕತ್‌ನಲ್ಲಿ ಆ ತೊಂದರೆ ಇಲ್ಲ, ಪೂರ್ತಿ ರಾಗಿಯಲ್ಲೇ ಮಾಡಬಹುದು. ಆದರೆ ರಾಗಿಯ ಸಿಪ್ಪೆ ನೀರು ಕುಡಿಯುವುದು ನಿಧಾನ. ಕೂಡಲೇ ಬೇಯಿಸಿದರೆ ಹಲ್ಲಿಗೆ ಮರಳು ಮರಳಾಗಿ ಸಿಗುತ್ತದೆ. ಬಿಸ್ಕತ್ ಹಿಟ್ಟಿಗೆ ಒಂದೆರಡು ಚಮಚ ಹಾಲು ಸೇರಿಸಿ ಎರಡು ಗಂಟೆಯಾದರೂ ಫ್ರಿಜ್‌ನಲ್ಲಿ ಇಟ್ಟರೆ ಆ ಒರಟು ಕಡಿಮೆಯಾಗುತ್ತದೆ. ಬ್ರೆಡ್‌ಗೆ ಹಾಕುವ ರಾಗಿ ಹಿಟ್ಟನ್ನು ಕುದಿಯುವ ನೀರಲ್ಲಿ ಕಲಸಿ, ಪೂರ್ತಿ ಆರಿಸಿ, ಆಮೇಲೆ ಗೋಧಿ ಹಿಟ್ಟಿಗೆ ಬೆರೆಸಿ. ಬ್ರೆಡ್ ಮೆತ್ತಗಿರುತ್ತದೆ, ಬೇಗ ಒಣಗುವುದಿಲ್ಲ. ಆ ಕುದಿನೀರನ್ನೂ ಒಟ್ಟು ನೀರಿನ ಲೆಕ್ಕಕ್ಕೆ ಸೇರಿಸಿ.

ಸೋಡಾ ಹಾಕಿದ ಹಿಟ್ಟನ್ನು ಮಾತ್ರ ತುಂಬಾ ಹೊತ್ತು ಇಡಬೇಡಿ. ಮೊಸರು ಮತ್ತು ಅಡುಗೆ ಸೋಡಾ ಸೇರಿದ ಕ್ಷಣದಿಂದ ಗಾಳಿ ಹೊರಡುತ್ತದೆ. ರಾತ್ರಿಯಿಟ್ಟರೆ ಬೆಳಗ್ಗೆ ಉಬ್ಬಿಸಲು ಏನೂ ಉಳಿದಿರುವುದಿಲ್ಲ. ಅಂಥ ಹಿಟ್ಟು ಕೂಡಲೇ ಓವನ್‌ಗೆ ಹೋಗಬೇಕು.

ಪಫ್ಸ್ ಬಗ್ಗೆ ಕೇಳಿದ್ದೀರಿ, ಅದಕ್ಕೆ ಇನ್ನೊಂದು ದಿನವೇ ಬೇಕು. ಇಷ್ಟು ಹೇಳುತ್ತೇನೆ. ಹಿಟ್ಟಿನೊಳಗೆ ಬೆಣ್ಣೆ ಇಟ್ಟು ಮೂರು ಮಡಿಕೆ ಹಾಕಿ ಲಟ್ಟಿಸುವುದನ್ನು ಆರು ಸಲ ಮಾಡಿದರೆ ಬೆಣ್ಣೆಯ ಪದರ 729 ಆಗುತ್ತದೆ. ಒಂದೆರಡು ಮಡಿಕೆಗೊಮ್ಮೆ ಅರ್ಧ ಗಂಟೆ ಫ್ರಿಜ್ ಬೇಕೇ ಬೇಕು. ಹಿಟ್ಟು ಸಡಿಲವಾಗಲು ಹೊತ್ತು ಬೇಕು, ಬೆಣ್ಣೆ ಕರಗದಿರಲು ತಂಪು ಬೇಕು. ನಮ್ಮ ಬೇಸಿಗೆಯಲ್ಲಿ ಹಗಲು ಹೊತ್ತು ಇದಕ್ಕೆ ಕೈ ಹಾಕದಿರುವುದೇ ಮೇಲು, ಬೆಳಗಿನ ಜಾವ ಮಾಡಿ. ಚಿರೋಟಿಗೆ ತುಪ್ಪ, ಅಕ್ಕಿ ಹಿಟ್ಟಿನ ಸಾಟಿ ಸವರಿ ಪದರ ಮಾಡಿ ಗೊತ್ತಿರುವವರಿಗೆ ಕೈ ಬೇಗ ಹೊಂದುತ್ತದೆ. ಕ್ರಮವಾಗಿ ಕಲಿಯಬೇಕು ಅನ್ನುವವರಿಗೆ ಬೆಂಗಳೂರು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿ ತರಬೇತಿ ಇದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು ಇವು.

ಗುಬ್ಬಿ ಕಡೆಯಿಂದ ಬಂದಿದ್ದ ಒಬ್ಬ ಅಕ್ಕ ಕೇಳಿದರು: ‘ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗುತ್ತಲೇ ಇರುತ್ತೆ. ರಾತ್ರಿ ಹಿಟ್ಟು ಇಟ್ಟರೆ ಕೆಡಲ್ವಾ?’

ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ ಅಕ್ಕಾ. ಅಷ್ಟರೊಳಗೆ ಕರೆಂಟ್ ಬಂದರೆ ಯೋಚನೆ ಇಲ್ಲ. ಅದಕ್ಕೂ ಜಾಸ್ತಿ ಆದರೆ ಹಿಟ್ಟು ತೆಗೆದು ನೋಡಿ. ಎರಡು ಪಟ್ಟಾಗಿದ್ದರೆ ಕಾಯಬೇಡಿ, ಆಗಲೇ ಆಕಾರ ಕೊಟ್ಟು ಬೇಯಿಸಿ. ಪಕ್ಕದಲ್ಲಿ ಎರಡು ನೀರಿನ ಬಾಟಲಿ ತುಂಬಿಟ್ಟಿದ್ದರೆ ತಂಪು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಮೊಟ್ಟೆ, ಹಾಲು ಹಾಕಿದ ಹಿಟ್ಟಿಗೆ ಈ ಸಡಿಲಿಕೆ ಇಲ್ಲ. ಅದು ಗಂಟೆಗಟ್ಟಲೆ ಬೆಚ್ಚಗೆ ಕೂತಿದ್ದರೆ ಬಿಸಾಕಿ.

ಇನ್ನೊಬ್ಬರು: ‘ಬೆಣ್ಣೆ ಬನ್ ಮಾಡ್ತೀನಿ. ಸಕ್ಕರೆ ಜಾಸ್ತಿ ಹಾಕಿದರೆ ಹಿಟ್ಟು ಏಳೋದೇ ಇಲ್ಲ, ಯಾಕೆ?’

ಯೀಸ್ಟ್‌ಗೆ ಸಕ್ಕರೆ ಆಹಾರ, ಆದರೆ ಹಿಟ್ಟಿನ ತೂಕದ ನೂರಕ್ಕೆ 10 ಭಾಗ ದಾಟಿದರೆ ಅದೇ ಸಕ್ಕರೆ ಯೀಸ್ಟ್‌ಗೆ ಬೇಕಾದ ನೀರನ್ನು ಎಳೆದುಕೊಳ್ಳುತ್ತದೆ. ಯೀಸ್ಟ್ ಸ್ವಲ್ಪ ಜಾಸ್ತಿ ಮಾಡಿ, ಫ್ರಿಜ್‌ಗೆ ಇಡುವ ಮೊದಲು ಹೊರಗೆ ಇನ್ನಷ್ಟು ಹೊತ್ತು ಬಿಡಿ. ಬೆಣ್ಣೆಯನ್ನು ಹಿಟ್ಟು ಚೆನ್ನಾಗಿ ನಾದಿಯಾದ ಮೇಲೆ ಸೇರಿಸಿ. ಮೊದಲೇ ಹಾಕಿದರೆ ಅದು ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡು ನೀರು ಇಳಿಯಲು ಬಿಡುವುದಿಲ್ಲ.

‘ಎಷ್ಟು ದಿನ ಇಡಬಹುದು? ಫ್ರೀಜರ್‌ಗೆ ಹಾಕಬಹುದಾ?’ ಅಂತ ಹಿಂದಿನ ಸಾಲಿನಿಂದ ಕೇಳಿದರು.

ಮೊಟ್ಟೆ ಇಲ್ಲದ ಬ್ರೆಡ್ ಹಿಟ್ಟು ಫ್ರಿಜ್‌ನಲ್ಲಿ ಎರಡು ದಿನ, ಮೂರನೆಯ ದಿನಕ್ಕೆ ಹುಳಿ ಜಾಸ್ತಿಯಾಗಿ ಗ್ಲುಟೆನ್ ಸಡಿಲವಾಗುತ್ತದೆ. ಬೆಣ್ಣೆ ಬಿಸ್ಕತ್ ಹಿಟ್ಟು ಮೂರು ದಿನ ಇರುತ್ತದೆ. ಮುಚ್ಚಳ ಗಟ್ಟಿಯಾಗಿರಲಿ, ಬೆಣ್ಣೆ ಪಕ್ಕದ ಸಾರಿನ ವಾಸನೆ ಹೀರಿಕೊಳ್ಳುತ್ತದೆ. ಫ್ರೀಜರ್ ವಿಷಯಕ್ಕೆ ಬಂದರೆ ಯೀಸ್ಟ್ ಹಿಟ್ಟು ಅಷ್ಟು ಒಗ್ಗುವುದಿಲ್ಲ. ಹೆಪ್ಪುಗಟ್ಟಿದಾಗ ಒಂದಷ್ಟು ಯೀಸ್ಟ್ ಸಾಯುತ್ತದೆ, ಸತ್ತ ಯೀಸ್ಟ್‌ನಿಂದ ಹೊರಬರುವ ಗ್ಲುಟಾಥಯೋನ್ ಅನ್ನುವ ಅಂಶ ಗ್ಲುಟೆನ್ ಹೆಣಿಗೆಯನ್ನು ಸಡಿಲ ಮಾಡುತ್ತದೆ. ಬ್ರೆಡ್ ಬೇಯಿಸಿಯೇ ಫ್ರೀಜರ್‌ಗೆ ಹಾಕಿ. ಬಿಸ್ಕತ್ ಹಿಟ್ಟು ಮಾತ್ರ ಧಾರಾಳವಾಗಿ ಹಾಕಬಹುದು. ಸುರುಳಿ ಮಾಡಿ, ಬೆಣ್ಣೆ ಕಾಗದ ಸುತ್ತಿ, ಗಾಳಿಯಾಡದ ಚೀಲಕ್ಕೆ ಹಾಕಿ, ತಾರೀಕು ಬರೆದಿಡಿ. ಎರಡು ತಿಂಗಳೊಳಗೆ ಬಳಸಿ. ಬೇಕಾದಾಗ ಹತ್ತು ನಿಮಿಷ ಹೊರಗಿಟ್ಟು, ಚಾಕು ಇಳಿಯುವಷ್ಟು ಮೆತ್ತಗಾದ ಮೇಲೆ ಬಿಲ್ಲೆ ಕತ್ತರಿಸಿ, 170 ಡಿಗ್ರಿಯಲ್ಲಿ ಮಾಮೂಲಿಗಿಂತ ಎರಡು ನಿಮಿಷ ಜಾಸ್ತಿ ಬೇಯಿಸಿ.